ಐದು ಕೋಳಿ, ಒಂದು ಶೀಶೆ

ಕೋಳಿಯ ಗಂಟಲಿಗೆ ಹತ್ತಿಕಡ್ಡಿ ಹಾಕುವುದು ಕಠಿಣ ಕೆಲಸವಲ್ಲ. ಎಡಗೈಯಲ್ಲಿ ರೆಕ್ಕೆ ಸಮೇತ ಮೈಯನ್ನು ಅವುಚಿ ಹಿಡಿದು, ಹೆಬ್ಬೆರಳಿನಿಂದ ಕೊಕ್ಕಿನ ಮೂಲೆಯನ್ನು ಮೆಲ್ಲಗೆ ಒತ್ತಿದರೆ ಬಾಯಿ ತೆರೆಯುತ್ತದೆ. ಕಡ್ಡಿಯನ್ನು ಒಳಗೆ ತಿರುಗಿಸಿ ತೆಗೆದರೆ ಆಯಿತು. ಪಶು ಆಸ್ಪತ್ರೆಗೆ ಹೊಸದಾಗಿ ಸೇರಿದವರು ಇದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯುತ್ತಾರೆ. ತೆಗೆದ ಕಡ್ಡಿಯನ್ನು ಯಾವ ಶೀಶೆಗೆ ಹಾಕಬೇಕು ಎಂಬುದು ನನಗೆ ಸರಿಯಾಗಿ ತಿಳಿದದ್ದು ನಿವೃತ್ತಿ ಹತ್ತಿರ ಬಂದಾಗ. ಅದು ತಿಳಿದದ್ದು ಆಳಂದ ತಾಲ್ಲೂಕಿನ ಮಾಲನಬಿ ಎಂಬ ಹೆಣ್ಣುಮಗಳ ಅಂಗಳದಲ್ಲಿ. ಆಕೆಯ ಕೋಳಿಗಳು ಉಳಿಯುತ್ತವೆಯೋ ಇಲ್ಲವೋ ಎಂಬುದು ಆ ಚಳಿಗಾಲದಲ್ಲಿ ಆ ಮನೆಗೆ ದೊಡ್ಡ ಪ್ರಶ್ನೆಯಾಗಿತ್ತು. ನಡೆದದ್ದನ್ನು ನಡೆದಂತೆ ಬರೆಯಲು ಪ್ರಯತ್ನಿಸುತ್ತೇನೆ.

ನಾನು ಜೇವರ್ಗಿ, ಅಫಜಲಪುರ, ಆಳಂದ ಮೂರೂ ತಾಲ್ಲೂಕುಗಳಲ್ಲಿ ಪಶುವೈದ್ಯನಾಗಿದ್ದವನು. ಬಡ್ತಿಯ ಕಥೆ ಎಲ್ಲರದೂ ಒಂದೇ, ಬಿಡುತ್ತೇನೆ.

ಜೇವರ್ಗಿಯಲ್ಲಿದ್ದ ಕಾಲಕ್ಕೆ ಕೋಳಿ ಸತ್ತರೆ ಅದು ಕೊಕ್ಕರೆ ರೋಗ. ಬೇರೆ ಹೆಸರು ನಮಗೆ ಬೇಕಾಗಿರಲಿಲ್ಲ. ಒಂದೇ ಓಣಿಯಲ್ಲಿ ಬಹಳ ಸತ್ತಾಗ ಮಾತ್ರ ಒಂದು ಕೋಳಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರ್ಫಿನ ನಡುವೆ ಇಟ್ಟು ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆವು. ಒಮ್ಮೆ ಕಂಡಕ್ಟರು ಪೆಟ್ಟಿಗೆ ಬಿಚ್ಚಿಸಿ ನೋಡಿದ.

“ಕೋಳಿಗೆ ಅರ್ಧ ಟಿಕೆಟ್ ಐತ್ರಿ, ತಗೊಳ್ರಿ.”

“ಸತ್ತದ್ದಪ್ಪ ಅದು.”

“ಸತ್ತದ್ದು ಲಗೇಜ್ ಆಗ್ತದ್ರಿ. ಲಗೇಜಿಗೆ ಜಾಸ್ತಿ. ಅರ್ಧ ಟಿಕೆಟೇ ನಿಮಗ ಪಾಡ.”

ಅರ್ಧ ಟಿಕೆಟ್ಟೇ ತೆಗೆದೆ. ಬಿಸಿಲಿನ ದಿನ, ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು, ಬರ್ಫು ಕರಗಿತು. ಪ್ರಯೋಗಾಲಯದಿಂದ ಬಂದ ಉತ್ತರ, “ಮಾದರಿ ಪರೀಕ್ಷೆಗೆ ಯೋಗ್ಯವಿಲ್ಲ.” ವರ್ಷಗಟ್ಟಲೆ ನಮಗೆ ಬರುತ್ತಿದ್ದ ಉತ್ತರ ಹೆಚ್ಚಾಗಿ ಅದೇ.

ಅಫಜಲಪುರಕ್ಕೆ ಬಂದಾಗ ಪತ್ರಿಕೆಗಳಲ್ಲಿ ಹಕ್ಕಿಜ್ವರದ ಸುದ್ದಿ ಶುರುವಾಗಿತ್ತು. ವಲಸೆ ಹಕ್ಕಿಗಳೇ ರೋಗ ತರುತ್ತವೆ ಎಂದು ಎಲ್ಲರೂ ನಂಬಿದ್ದರು. ಚಳಿಗಾಲದಲ್ಲಿ ಸೊನ್ನದ ಬ್ಯಾರೇಜಿನ ಹಿನ್ನೀರಿಗೆ ಕಾಡು ಬಾತುಗಳು ಬರುತ್ತವೆ. ಅವುಗಳ ಹಸಿ ಹಿಕ್ಕೆ ಸಂಗ್ರಹಿಸಲು ಆಜ್ಞೆಯಾಯಿತು. ನಮ್ಮ ಮೇಲಧಿಕಾರಿ ಹೊಳೆಯುವ ಬೂಟು ಹಾಕಿಕೊಂಡು ಬ್ಯಾರೇಜಿನ ಮೇಲೆ ನಿಂತು “ಹಸೀದು ನೋಡಿ ತಗೊಳ್ರಿ” ಎಂದು ಕೂಗುತ್ತಿದ್ದರು. ನಾವು ಮೊಣಕಾಲುಮಟ್ಟ ಕೆಸರಿನಲ್ಲಿ ಬಗ್ಗಿ ಹುಡುಕುತ್ತಿದ್ದೆವು. ಬಲೆ ಒಣಗಿಸುತ್ತಿದ್ದ ಒಬ್ಬ ಮೀನುಗಾರ ಬಹಳ ಹೊತ್ತು ನೋಡಿ, “ಇದಕ್ಕೂ ಸರ್ಕಾರ ಪಗಾರ ಕೊಡ್ತದೇನ್ರಿ? ನಮ್ಮ ಹುಡುಗನ ಹೆಸರೂ ಬರ್ಕೊಳ್ರಿ, ಸಾಲಿ ಭಾಳ ಓದ್ಯಾನ” ಎಂದ.

ಆ ಹಿಕ್ಕೆಗಳಲ್ಲಿ ಏನೂ ಸಿಗಲಿಲ್ಲ. ನಾವು ಆಕಾಶ ನೋಡುತ್ತಿದ್ದ ಆ ಹೊತ್ತಿನಲ್ಲೇ ಬ್ಯಾರೇಜಿನ ಪಕ್ಕದ ರಸ್ತೆಯಲ್ಲಿ ಕೋಳಿ ತುಂಬಿದ ಟೆಂಪೊಗಳು ಹೋಗುತ್ತಿದ್ದವು. ಅವುಗಳನ್ನು ನಿಲ್ಲಿಸಿ ಎಲ್ಲಿಂದ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕೆಂದು ಯಾವ ಆಜ್ಞೆಯೂ ಇರಲಿಲ್ಲ.

ನನ್ನ ಕೊನೆಯ ಜಾಗ ಆಳಂದ. ಆ ಹೊತ್ತಿಗೆ ವಿಧಾನ ಬದಲಾಗಿತ್ತು. ಸತ್ತ ಕೋಳಿಯನ್ನು ಹೊರುವುದು ತಪ್ಪಿತ್ತು. ಗಂಟಲಿನ ಕಡ್ಡಿಯನ್ನು ಗುಲಾಬಿ ಬಣ್ಣದ ದ್ರವವಿರುವ ಚಿಕ್ಕ ಪ್ಲಾಸ್ಟಿಕ್ ಶೀಶೆಯಲ್ಲಿ ಮುರಿದು ಹಾಕಿ, ಶೀತಪೆಟ್ಟಿಗೆಯಲ್ಲಿ ಕಳಿಸುತ್ತಿದ್ದೆವು. ಶೀಶೆಗಳು ಕಡಿಮೆ ಬರುತ್ತಿದ್ದವು. ಹಾಗಾಗಿ ಒಂದು ಮನೆಯ ಐದು ಕೋಳಿಗಳ ಕಡ್ಡಿಗಳನ್ನು ಒಂದೇ ಶೀಶೆಗೆ ಹಾಕುವುದು ರೂಢಿ. ರೋಗ ಇದೆಯೋ ಇಲ್ಲವೋ ಎಂಬಷ್ಟೇ ತಿಳಿಯಬೇಕಾದರೆ ಅದು ಸರಿಯಾದ ರೂಢಿ. ಒಂದು ಮನೆಯ ಕೋಳಿಗಳೆಲ್ಲ ಒಂದೇ ಹಿಂಡು ಎಂಬ ಲೆಕ್ಕದ ಮೇಲೆ ಅದು ನಿಂತಿತ್ತು.

ಮಾಲನಬಿ ಸರಸಂಬಾದಿಂದ ಸ್ವಲ್ಪ ಆಚೆ ಇರುವ ಹಳ್ಳಿಯವಳು. ಊರಿನ ಹೆಸರು ಬರೆಯಬೇಡಿ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ. ಗಂಡ ತೀರಿಕೊಂಡಿದ್ದ. ಮಗ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗುತ್ತಿದ್ದ. ಮನೆಯಲ್ಲಿ ಈಕೆ, ಸೊಸೆ ರಿಹಾನಾ, ಒಂದು ಕೂಸು. ಮನೆಯ ಉಪ್ಪು, ಎಣ್ಣೆ, ಕೂಸಿನ ಔಷಧ ಎಲ್ಲ ನಡೆಯುತ್ತಿದ್ದುದು ಜವಾರಿ ಮೊಟ್ಟೆಗಳಿಂದ. ಒಂದು ದಿನ ಬೆಳಿಗ್ಗೆ ಸೆರಗಿನಲ್ಲಿ ಕೋಳಿ ಸುತ್ತಿಕೊಂಡು ಆಸ್ಪತ್ರೆಗೆ ಬಂದಳು. ಅದರ ಮುಖ ಬಾತಿತ್ತು, ಉಸಿರಿನಲ್ಲಿ ಗೊರಗೊರ ಸದ್ದು.

“ತತ್ತಿ ಇಡೂದು ಬಿಟ್ಟಾವ್ರಿ ಸಾಹೇಬ್ರ. ಒಂದೆರಡು ಸತ್ತೂ ಹೋದ್ವು. ಸೂಜಿ ಮಾಡ್ರಿ.”

ಸೂಜಿಗೆ ಬಗ್ಗುವ ರೋಗದಂತೆ ಕಾಣಲಿಲ್ಲ. ಅಟೆಂಡರ್ ಬಸಣ್ಣನನ್ನು ಕರೆದುಕೊಂಡು ಆಕೆಯ ಮನೆಗೆ ಹೋದೆ. ಅಂಗಳದಲ್ಲಿ ಕೆಂಪು, ಕಪ್ಪು, ಬೂದು ಬಣ್ಣದ ಜವಾರಿ ಕೋಳಿಗಳು. ಅವುಗಳ ನಡುವೆ ಕೆಲವು ಬಿಳಿ ಕೋಳಿಗಳು. ಕೊಕ್ಕಿನ ತುದಿ ಸುಟ್ಟು ಮೊಂಡು ಮಾಡಿದ್ದವು, ಅಂದರೆ ಮೊಟ್ಟೆ ಫಾರ್ಮಿನಲ್ಲಿ ಬೆಳೆದವು.

ಬಸಣ್ಣ ನಕ್ಕ. “ಇವೇನ್ರಿ, ಮದವಿಗೆ ಬಂದ ಬೀಗರಂಗ ನಿಂತಾವ?”

“ಬಸಣ್ಣಾ, ಆ ಕಡ್ಡಿ ಮೊದಲ ನಿನ್ನ ಬಾಯಾಗ ಹಾಕ್ಕೊ,” ಎಂದಳು ಮಾಲನಬಿ.

ನಾನು ಕೇಳಿದೆ. “ಬಿಳಿಯವು ಎಲ್ಲಿಂದ ತಂದ್ರಿ?”

“ಎಲ್ಲಾ ನಮ್ಮವೇ ರಿ,” ಎಂದಳು. ಒಂದು ಕ್ಷಣ ತಡೆದು ಹೇಳಿದಳು. ಆ ತಡೆಯನ್ನು ನಾನು ಗಮನಿಸಿದ್ದೆ, ಮುಂದೆ ಕೇಳಲಿಲ್ಲ. ಮೂರು ಜವಾರಿ, ಎರಡು ಬಿಳಿ, ಐದರ ಕಡ್ಡಿಗಳನ್ನೂ ಒಂದು ಶೀಶೆಗೆ ಹಾಕಿದೆವು.

ಮೊದಲ ಉತ್ತರ ಸಮಾಧಾನದ್ದೇ ಇತ್ತು. ಪತ್ರಿಕೆಗಳಲ್ಲಿ ಹಕ್ಕಿಜ್ವರ ಎಂದು ಬರುವುದು ಹೆಚ್ಚಾಗಿ ಎಚ್5 ಎಂಬ ಜಾತಿಯ ವೈರಸ್ಸು. ಅದು ಸಿಕ್ಕರೆ ಸುತ್ತಲಿನ ಎಲ್ಲ ಕೋಳಿಗಳನ್ನೂ ಕೊಲ್ಲಬೇಕೆಂದು ನಿಯಮವಿದೆ. ಮಾಲನಬಿಯ ಕೋಳಿಗಳಲ್ಲಿ ಸಿಕ್ಕದ್ದು ಅದೇ ವಂಶದ ಸಣ್ಣದು, ಎಚ್9. ಮೊಟ್ಟೆ ಕಡಿಮೆ ಮಾಡುತ್ತದೆ, ಮುಖಕ್ಕೆ ಬಾವು ಬರಿಸುತ್ತದೆ, ಕೆಲವನ್ನು ಕೊಲ್ಲುತ್ತದೆ. ಅದಕ್ಕೆ ಹಿಂಡನ್ನು ಕೊಲ್ಲುವ ನಿಯಮವಿಲ್ಲ. ನಾನು ಹಾಗೆಂದು ಆಕೆಗೆ ಹೇಳಿ ಕಳಿಸಿದೆ.

ಆಮೇಲೆ ಪ್ರಯೋಗಾಲಯದ ವಿಜ್ಞಾನಿ ಫೋನು ಮಾಡಿದರು. ಮೈಸೂರಿನ ಕಡೆಯ ಹೆಣ್ಣುಮಗಳು, ನಾವು ಮೇಡಂ ಎನ್ನುತ್ತಿದ್ದೆವು.

“ಡಾಕ್ಟ್ರೇ, ಆ ಶೀಶೆಯಲ್ಲಿ ಎಷ್ಟು ಕೋಳಿ ಇದ್ದವು?”

“ಐದು. ಒಂದೇ ಮನೆಯವು.”

“ಒಂದೇ ಮನೆಯವು ಅಂತ ಖಂಡಿತವಾಗಿ ಗೊತ್ತಾ? ಇಲ್ಲಿ ಎರಡು ತರಹದ ವೈರಸ್ಸು ಕಾಣ್ತಿದೆ.”

ಅವರು ನಿಧಾನವಾಗಿ ವಿವರಿಸಿದರು. ಈ ವೈರಸ್ಸಿನ ಆನುವಂಶಿಕ ಬರಹ ಒಂದೇ ಉದ್ದನೆಯ ಹಾಳೆಯಲ್ಲ, ಎಂಟು ಬಿಡಿ ತುಂಡುಗಳು. ಅದು ಎರಡು ರೀತಿಯಲ್ಲಿ ಬದಲಾಗುತ್ತದೆ. ಮೊದಲನೆಯದು ನಿಧಾನದ್ದು. ಪ್ರತಿ ಸಲ ನಕಲಾಗುವಾಗ ಒಂದೊಂದು ಅಕ್ಷರ ತಪ್ಪುತ್ತದೆ, ಹಳೆಯ ಪಹಣಿಯನ್ನು ಕೈಯಲ್ಲಿ ಬರೆದು ಇಳಿಸುವಾಗ ಹೆಸರು ತಪ್ಪುವಂತೆ. ಆ ತಪ್ಪುಗಳನ್ನು ಹೋಲಿಸಿ ಯಾವ ವೈರಸ್ಸು ಯಾವುದರ ಹತ್ತಿರದ ಸಂಬಂಧಿ ಎಂದು ಹೇಳಬಹುದು. ಎರಡನೆಯದು ಒಮ್ಮೆಗೇ ಆಗುವಂಥದ್ದು. ಎರಡು ಬೇರೆ ವೈರಸ್ಸುಗಳು ಒಂದೇ ಕೋಳಿಯ ಒಂದೇ ಜೀವಕೋಶವನ್ನು ಹೊಕ್ಕರೆ ಎಂಟು ತುಂಡುಗಳು ಅದಲುಬದಲಾಗಿ ಮೂರನೆಯದೊಂದು ಹುಟ್ಟಬಹುದು. ವಾಡಿ ಜಂಕ್ಷನ್ನಿನಲ್ಲಿ ಎರಡು ಗಾಡಿಗಳ ಡಬ್ಬಿಗಳನ್ನು ಬಿಚ್ಚಿ ಜೋಡಿಸುವುದನ್ನು ನಾನು ನೋಡಿದ್ದೆ. ಹಾಗೆಯೇ ಏನು ಎಂದು ಕೇಳಿದೆ.

“ನಿಮ್ಮ ಶೀಶೆಯಲ್ಲಿ ಎರಡೂ ಗಾಡಿಯ ಡಬ್ಬಿಗಳಿವೆ,” ಎಂದರು ಮೇಡಂ. “ಎರಡು ಗಾಡಿ ಪಕ್ಕಪಕ್ಕ ನಿಂತಿವೆಯೋ, ಹೊಸ ಗಾಡಿಯೇ ಹೊರಟಿದೆಯೋ ಗೊತ್ತಾಗ್ತಿಲ್ಲ. ಉಳಿದದ್ದನ್ನು ಮೊಟ್ಟೆಯಲ್ಲಿ ಬೆಳೆಸಿ ನೋಡೋಣ ಅಂದ್ರೆ ಬೆಳೆಯಲಿಲ್ಲ. ಮತ್ತೆ ತೆಗೆದು ಕಳಿಸಿ. ಒಂದು ಕೋಳಿಗೆ ಒಂದು ಶೀಶೆ. ಶೀಶೆ ನಾನೇ ಕಳಿಸ್ತೀನಿ.”

ನಮ್ಮ ಸಹಾಯಕ ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಜಗಳ ಬೆಳೆಯುವ ಮೊದಲೇ ಮುಗಿಸಬೇಕು ಎನ್ನುವವರು. “ಒಂದು ಮನಿ ಕೋಳಿ ಸಲುವಾಗಿ ಇಷ್ಟ್ಯಾಕ್ರಿ? ಒಪ್ಪಿಗಿ ತಗೊಂಡು ಹುಗದುಬಿಡ್ರಿ” ಎಂದರು. ಮೇಡಂ ಹೇಳಿದ್ದನ್ನು ತಿಳಿಸಿದ ಮೇಲೆ, ವರದಿ ಬರುವವರೆಗೆ ತಡೆಯಲು ಒಪ್ಪಿದರು. ಅಲ್ಲಿಯವರೆಗೆ ಆ ಮನೆಯಿಂದ ಕೋಳಿಯಾಗಲಿ ಮೊಟ್ಟೆಯಾಗಲಿ ಹೊರಗೆ ಹೋಗಕೂಡದು.

ಹೊಸ ಶೀಶೆಗಳೊಂದಿಗೆ ಹೋದಾಗ ಅಂಗಳ ಖಾಲಿ. ಇಲಾಖೆಯವರು ಕೋಳಿ ಹುಗಿಯಲು ಬರುತ್ತಾರೆಂದು ಯಾರೋ ಸುದ್ದಿ ಹಬ್ಬಿಸಿದ್ದರು. ಮಾಲನಬಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

“ಕೋಳಿ ಎಲ್ಲಿ?”

“ಯಾವ ಕೋಳಿರಿ?”

ಬಸಣ್ಣ ಹೇಳಿದ. “ಹಂಗಾದ್ರ ಜ್ವಾಳ ಯಾರಿಗೆ ಹಸನ ಮಾಡಾಕತ್ತಿ ಬೇ, ನನಗೇನು?”

ಆಕೆಗೆ ನಗು ಬಂತು, ಆದರೆ ನಗಲಿಲ್ಲ. ನನ್ನ ಕಡೆ ತಿರುಗಿ ಕೇಳಿದಳು. “ಕೆಟ್ಟದ್ದು ಬಂದ್ರ ಒಯ್ತೀರೇನ್ರಿ?”

ನಿಯಮದಲ್ಲಿ ಇಲ್ಲ, ಆದರೆ ಮೇಲಿನವರು ಹೇಳಿದರೆ ಒಪ್ಪಿಗೆ ಕೇಳಲು ಬರುತ್ತೇನೆ, ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ. ಆಕೆ ಮೊರದಲ್ಲಿದ್ದ ಜೋಳವನ್ನು ಕೇರಿ ಮುಗಿಸಿ, ಒಳಗೆ ನೋಡಿ ಕೂಗಿದಳು. “ರಿಹಾನಾ, ತರಸು ಎಲ್ಲಾ.” ಸೊಸೆ ಸಿಟ್ಟಿನಿಂದಲೇ ಹೊರಬಿದ್ದು ನೆರೆಮನೆಗಳಿಂದ ಬುಟ್ಟಿಗಳನ್ನು ತಂದಿಟ್ಟಳು. ಒಳಕೋಣೆಯಲ್ಲಿ ಕೂಸು ಮಲಗುವ ಹೊರಸಿನ ಕೆಳಗೆ ಒಂದು ಕೆಂಪು ಕೋಳಿ ಕಾವಿಗೆ ಕೂತಿತ್ತು, ಮೊದಲ ಸಲದ ಐದರಲ್ಲಿ ಅದೂ ಒಂದು. ಅದರ ಗಂಟಲಿಗೂ ಕಡ್ಡಿ ಹಾಕಿದೆವು. ಪ್ರತಿ ಕೋಳಿಯ ಕಾಲಿಗೆ ಗುರುತಿನ ದಾರ ಕಟ್ಟಿ, ಶೀಶೆಗೂ ಅದೇ ಗುರುತು ಹಾಕಿದೆವು.

ಬಿಳಿ ಕೋಳಿಗಳು ಮಾತ್ರ ಇರಲಿಲ್ಲ.

“ಬಿಳಿಯವು ಸಿಗಲಿಲ್ಲ ಅಂದ್ರ ಇದೆಲ್ಲಾ ಅರ್ಧ ಆಗ್ತದ. ಯಾರವು ಅವು?”

“ಜಬಾನ್ ಕೊಟ್ಟೇನಿ ಸಾಹೇಬ್ರ. ಹೇಳಂಗಿಲ್ಲ.”

“ನಿಮ್ಮ ಕೋಳಿ ಹೋಗೋ ಮಾತು ನಡದದ.”

“ಗೊತ್ತೈತ್ರಿ. ಕೊಟ್ಟ ಮಾತು ಹೆಂಗ ಒಳಗ ತಗೊಳ್ಳಲಿ?”

ಬಾಗಿಲಲ್ಲಿ ನಿಂತ ರಿಹಾನಾ, “ಅವರ ಮಾನ ಉಳೀಲಿ, ನಮ್ಮ ಕೂಸು ಮಣ್ಣು ತಿನ್ಲಿ,” ಎಂದು ಒಳಗೆ ಹೋದಳು.

ಎರಡು ದಿನ ಬಿಟ್ಟು ಭೂಸನೂರಿನ ಕಡೆಯ ಶರಣಪ್ಪ ಎಂಬ ಸಾಹುಕಾರರು ಆಸ್ಪತ್ರೆಗೆ ಬಂದರು. ಕಬ್ಬಿನ ಹೊಲದವರು, ಹಣೆಯಲ್ಲಿ ವಿಭೂತಿ. ಎಮ್ಮೆಗೆ ಜಂತಿನ ಔಷಧ ಕೇಳಿದರು, ಕೊಟ್ಟೆ. ಹೋಗಲಿಲ್ಲ. ಬಸಣ್ಣ ಹೊರಗೆ ಹೋದ ಮೇಲೆ ಹೇಳಿದರು.

“ಡಾಕ್ಟ್ರ, ಆ ಬಿಳಿ ಕೋಳಿ ನನ್ನವ್ರಿ.”

ವಿಷಯ ಹೀಗೆ. ಇವರು ಗೆಳೆಯನೊಬ್ಬನ ಹೆಸರಿನಲ್ಲಿ ಮೊಟ್ಟೆ ಕೋಳಿಯ ಶೆಡ್ಡು ನಡೆಸುತ್ತಿದ್ದರು. ಲಿಂಗವಂತರ ಮನೆ, ತಾಯಿ ದಿನಾ ಲಿಂಗಪೂಜೆ ಮಾಡುವವರು. ಮಗ ಕೋಳಿಯ ವ್ಯಾಪಾರ ಮಾಡುತ್ತಾನೆಂದು ಗೊತ್ತಾದರೆ ಅವನ ಕೈಯಿಂದ ನೀರು ಮುಟ್ಟುವವರಲ್ಲ. ಮೊಟ್ಟೆ ಇಡುವುದು ಕಡಿಮೆಯಾದ ಕೋಳಿಗಳು ಟೆಂಪೊದಲ್ಲಿ ಮಾರಾಟಕ್ಕೆ ಹೋದ ಮೇಲೆ ಉಳಿದ ಕೆಲವನ್ನು ಮಾಲನಬಿಗೆ ಪಾಲಿಗೆ ಕೊಟ್ಟಿದ್ದರು. ಕುರಿ, ಆಡು, ಕೋಳಿಯನ್ನು ಹೀಗೆ ಇನ್ನೊಬ್ಬರ ಮನೆಯಲ್ಲಿ ಬಿಟ್ಟು, ಬಂದದ್ದರಲ್ಲಿ ಅರ್ಧ ಹಂಚಿಕೊಳ್ಳುವುದು ಈ ಭಾಗದಲ್ಲಿ ಹಳೆಯ ಪದ್ಧತಿ. ಆಕೆಯ ಗಂಡ ಇವರ ಹೊಲದಲ್ಲಿ ದುಡಿದವನು. ಯಾರ ಮುಂದೆಯೂ ಹೇಳುವುದಿಲ್ಲ ಎಂದು ಆಕೆ ಮಾತು ಕೊಟ್ಟಿದ್ದಳು. ಸುದ್ದಿ ಹಬ್ಬಿದಾಗ ಶರಣಪ್ಪನವರು ಬಿಳಿಯವುಗಳನ್ನು ತರಿಸಿ ಕಬ್ಬಿನ ನಡುವಿನ ಗುಡಿಸಲಿನಲ್ಲಿ ಇಟ್ಟಿದ್ದರು.

“ಆಕಿ ಹೇಳಿ ಕಳಿಸಿದಳೇನು?” ಎಂದು ಕೇಳಿದೆ.

“ಇಲ್ರಿ. ಆಕಿ ಸೊಸಿ ನಮ್ಮ ಹೊಲಕ್ಕ ಬಂದು ಬೈದು ಹೋದಳು. ಹಂಗ ಬೈಸ್ಕೊಂಡು ಭಾಳ ದಿನ ಆಗಿತ್ತು.”

ಗುಡಿಸಲಿಗೆ ಹೋಗಿ ಬಿಳಿ ಕೋಳಿಗಳ ಗಂಟಲಿಗೂ ಕಡ್ಡಿ ಹಾಕಿದೆವು. ಒಂದಕ್ಕೊಂದು ಶೀಶೆ.

ವರದಿ ತಡವಾಗಿ ಬಂತು. ಪ್ರತಿ ಮಾದರಿಯನ್ನೂ ಮೊಟ್ಟೆಗಳಲ್ಲಿ ಬೆಳೆಸಿ, ಒಂದೇ ಬಗೆಯದು ಉಳಿಯುವವರೆಗೆ ತೆಳುಗೊಳಿಸಿ, ಆಮೇಲೆ ಎಂಟೂ ತುಂಡುಗಳನ್ನು ಓದಿದ್ದರು. ಬಿಳಿ ಕೋಳಿಗಳಲ್ಲಿ ಫಾರ್ಮಿನ ವೈರಸ್ಸು. ಜವಾರಿ ಕೋಳಿಗಳಲ್ಲಿ ಊರ ಕೋಳಿಗಳಲ್ಲಿ ಮೊದಲಿಂದ ಸುತ್ತುತ್ತಿದ್ದ ಬೇರೆ ವೈರಸ್ಸು. ಇಷ್ಟೇ ಆಗಿದ್ದರೆ ಎರಡು ಗಾಡಿ ಪಕ್ಕಪಕ್ಕ ನಿಂತಿದ್ದವು ಎಂದು ಮುಗಿಯುತ್ತಿತ್ತು. ಆದರೆ ಹೊರಸಿನ ಕೆಳಗೆ ಕಾವಿಗೆ ಕೂತಿದ್ದ ಕೆಂಪು ಕೋಳಿಯಲ್ಲಿ ಮೂರನೆಯದಿತ್ತು. ಅದರ ಕೆಲವು ತುಂಡುಗಳು ಊರಿನವು, ಉಳಿದವು ಫಾರ್ಮಿನವು, ಎಲ್ಲ ಒಂದೇ ವೈರಸ್ಸಿನೊಳಗೆ.

“ಅಪಾಯ ಇದೆಯೇ?” ಎಂದು ಮೇಡಂ ಅವರನ್ನು ಫೋನಿನಲ್ಲಿ ಕೇಳಿದೆ.

“ಇರಬಹುದು, ಇಲ್ಲದಿರಬಹುದು. ಹೆಚ್ಚಿನವು ಏನೂ ಆಗದೆ ಕಳೆದುಹೋಗುತ್ತವೆ. ಕಳೆದುಹೋಗುತ್ತೋ ಅಂತ ಕಾಯೋಕೆ ಅದು ಕೂಸು ಮಲಗೋ ಕೋಣೆ, ಡಾಕ್ಟ್ರೇ.”

ಈ ಸಲ ಸಹಾಯಕ ನಿರ್ದೇಶಕರು ಒಪ್ಪಿಗೆ ಪಡೆದು ಕೋಳಿಗಳನ್ನು ಹುಗಿಯಲು ಆಜ್ಞೆ ಬರೆದರು. ಆರೋಗ್ಯ ಇಲಾಖೆಯವರು ಮನೆಯವರ ಮೂಗು, ಗಂಟಲು ಪರೀಕ್ಷಿಸಿದರು. ಯಾರಿಗೂ ಏನೂ ಇರಲಿಲ್ಲ. ಒಪ್ಪಿಗೆ ಕೇಳಲು ನಾನು ಹೋದೆ. ಮಾಲನಬಿ ಪೂರ್ತಿ ಕೇಳಿಸಿಕೊಂಡು, “ಕೂಸಿಗೆ ಏನೂ ಇಲ್ಲಂದ್ರಲ್ಲ, ಅಷ್ಟ ಸಾಕು. ಒಯ್ರಿ” ಎಂದಳು.

ಆ ದಿನದ ವಿಧಾನವನ್ನು ಬರೆಯುವುದಿಲ್ಲ, ಈ ಕೆಲಸಕ್ಕೆ ಸೇರುವವರಿಗೆ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಹೇಳಿಕೊಡದ ಒಂದು ಸಂಗತಿ ಇದೆ. ನಾವು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪಿನಲ್ಲಿದ್ದೆವು. ಕೋಳಿಗಳು ನಮ್ಮನ್ನು ಕಂಡು ಗೋಡೆ ಹತ್ತಿದವು, ಮಾಳಿಗೆ ಹತ್ತಿದವು. ಬಸಣ್ಣ ಎರಡು ಸಲ ಬಿದ್ದ. ಆಗ ಮಾಲನಬಿ ಒಂದು ಹಿಡಿ ಜೋಳ ತಂದು ಅಂಗಳದಲ್ಲಿ ಚೆಲ್ಲಿ, ದಿನಾ ಕರೆಯುವ ದನಿಯಲ್ಲೇ ಬಾ ಬಾ ಬಾ ಎಂದು ಕರೆದಳು. ಎಲ್ಲವೂ ಇಳಿದು ಬಂದವು. ಆಕೆ ಒಂದೊಂದನ್ನೇ ಹಿಡಿದು ನಮ್ಮ ಕೈಗೆ ಕೊಟ್ಟಳು. ಕೆಂಪು ಕೋಳಿಯನ್ನೂ ಅದರ ಕೆಳಗಿನ ಮೊಟ್ಟೆಗಳನ್ನೂ ರಿಹಾನಾ ತಂದಿಟ್ಟಳು. ಮೊಟ್ಟೆಗಳು ಬೆಚ್ಚಗಿದ್ದವು. ಕೈಗವಸಿನ ಮೂಲಕವೂ ಅದು ತಿಳಿಯಿತು. ಆಮೇಲೆ ಬಹಳ ದಿನ ನನಗೆ ಕೈಯಲ್ಲಿ ಏನು ಹಿಡಿದರೂ ಅದು ನೆನಪಾಗುತ್ತಿತ್ತು.

ಶರಣಪ್ಪನವರು ತಮ್ಮ ಬಿಳಿ ಕೋಳಿಗಳನ್ನು ತಾವೇ ಬುಟ್ಟಿಯಲ್ಲಿ ತಂದರು. ಊರ ಜನ ನೋಡುತ್ತಿರುವಾಗ “ಇವು ನನ್ನವು, ಈಕಿವಲ್ಲ” ಎಂದು ಗಟ್ಟಿಯಾಗಿ ಹೇಳಿದರು. ಸುಣ್ಣ ಹಾಕಿ ಗುಂಡಿ ಮುಚ್ಚುವವರೆಗೂ ನಿಂತಿದ್ದರು. ಅವರ ತಾಯಿ ಆಮೇಲೆ ಮಗಳ ಮನೆಗೆ ಹೋಗಿ ಇದ್ದರೆಂದು ಕೇಳಿದ್ದೇನೆ.

ಅಂಗಳಕ್ಕೆ ಮತ್ತೆ ಔಷಧ ಸಿಂಪಡಿಸಲು ನಾನು ಕೆಲವು ದಿನಗಳ ನಂತರ ಹೋದೆ. ಮಾಲನಬಿ ಹೊರಗೆ ಬಂದು, ಒಳಗಿನವರಿಗೂ ಕೇಳುವಂತೆ ಮಾತಾಡಿದಳು.

“ಸಾಹೇಬ್ರ, ಒಂದ ಮಾತು ಕೇಳ್ತೇನಿ, ಖರೆ ಹೇಳ್ರಿ. ಮೊದಲನೇ ದಿನಾನ ಬಿಳಿಯವು ನನ್ನವಲ್ಲ ಅಂತ ಹೇಳಿದ್ರ, ನನ್ನವು ಉಳೀತಿದ್ವೇನ್ರಿ? ಸೊಸಿ ನನ್ನ ಕೂಡ ಮಾತು ಬಿಟ್ಟಾಳ. ನಿನ್ನ ಜಬಾನ್ ನಮ್ಮ ಕೋಳಿ ತಿಂತು ಅಂತಾಳ.”

ಇದಕ್ಕೆ ಉತ್ತರವನ್ನು ನಾನು ಎಷ್ಟೋ ಸಲ ಯೋಚಿಸಿದ್ದೆ. ನಾವು ಮೊದಲ ಸಲ ಹೋದಾಗ ಮೂರನೆಯ ವೈರಸ್ಸು ಹುಟ್ಟಿರದಿದ್ದರೆ, ಅಂದೇ ಬಿಳಿಯವುಗಳನ್ನು ಬೇರೆ ಮಾಡಿ ಉಳಿದವನ್ನು ಉಳಿಸಬಹುದಿತ್ತು. ಅಷ್ಟರಲ್ಲಿ ಹುಟ್ಟಿಬಿಟ್ಟಿದ್ದರೆ ಆಕೆ ಏನು ಹೇಳಿದ್ದರೂ ಆಗುವುದು ಆಗಿಹೋಗಿತ್ತು. ಎರಡರಲ್ಲಿ ಯಾವುದು ಎಂದು ಹೇಳಬಲ್ಲ ಒಂದೇ ಸಾಕ್ಷಿ ಆ ಮೊದಲ ಶೀಶೆ. ಅದರಲ್ಲಿ ಐದು ಕೋಳಿಗಳು ಕಲೆತುಹೋಗಿದ್ದವು.

“ಹೇಳಾಕ ಬರೂದಿಲ್ಲ,” ಎಂದೆ. “ಉಳೀತಿದ್ವು ಅಂತಾನೂ ಹೇಳಾಕ ಬರೂದಿಲ್ಲ, ಉಳೀತಿರಲಿಲ್ಲ ಅಂತಾನೂ ಬರೂದಿಲ್ಲ.”

ರಿಹಾನಾ ಬಾಗಿಲಿಗೆ ಬಂದಳು. ಕೂಸು ಆಕೆಯ ಸೊಂಟದಲ್ಲಿತ್ತು.

“ಹೇಳಾಕ ಬರೂದಿಲ್ಲ ಅಂದ್ರ ಹೆಂಗ್ರಿ ಸಾಬ್? ಅವತ್ತ ನೀವು ಗಂಟಲದಾಗಿಂದು ತಗೊಂಡು ಹೋಗಿದ್ರಿ.”

“ತಗೊಂಡಿದ್ವಿ. ಐದೂ ಕೋಳೀದು ಒಂದ ಶೀಶಾದಾಗ ಹಾಕಿದ್ವಿ. ಯಾವುದರಾಗ ಏನಿತ್ತು ತಿಳೀಲಿಲ್ಲ.”

“ಒಂದರಾಗ ಯಾಕ ಹಾಕಿದ್ರಿ?”

“ಶೀಶಾ ಕಡಿಮಿ ಇದ್ವು.”

ಆಕೆ ಅತ್ತೆಯ ಮುಖ ನೋಡಿದಳು. ಮಾತು ಬಿಟ್ಟ ಮೇಲೆ ಅದೇ ಮೊದಲ ಸಲ ನೋಡಿದ್ದು ಎಂದು ನನಗನ್ನಿಸಿತು. ಆಮೇಲೆ ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಕೇಳಿದ್ರ ನಾವು ಕೊಡ್ತಿದ್ದಿಲ್ಲೇನ್ರಿ,” ಎಂದಳು.

ಆಕೆಯ ಹಿಂದೆ ಗೋಡೆಯ ಗೂಡಿನಲ್ಲಿ ಕೂಸಿನ ಔಷಧದ ಖಾಲಿ ಶೀಶೆಗಳು, ತೊಳೆದು ಬೋರಲು ಹಾಕಿದ್ದವು, ಸಾಲಾಗಿ ಇದ್ದವು. ಅವು ನಮ್ಮ ಕೆಲಸಕ್ಕೆ ಬರುವ ಶೀಶೆಗಳಲ್ಲ. ಅದನ್ನು ನಾನು ಆಕೆಗೆ ಹೇಳಲಿಲ್ಲ.